ಮುಚ್ಚಿದ ಗುಂಡಿಗಳು

ಮಾಸ್ ದೆ ಲಾ ಉಂಬ್ರಿಯಾ, ತೆರುವೆಲ್
12 ನವೆಂಬರ್ 2009

ಬ್ಲಾಸ್,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದಕ್ಕೇ ಈ ಕಾಗದ. ಉತ್ತರ ಕೊಡುವುದಾದರೆ ನೀನೂ ಕಾಗದದಲ್ಲೇ ಕೊಡು. ಫೋನ್ ಮಾಡಿದರೆ ಇಟ್ಟುಬಿಡುತ್ತೇನೆ, ಬಂದು ನಿಂತರೆ ಬಾಗಿಲು ತೆಗೆಯುವುದಿಲ್ಲ.

ಅಪ್ಪ ಹೋದದ್ದು ಮಾರ್ಚಿನಲ್ಲಿ. ನೋಟರಿ ವಿಲ್ ಓದುತ್ತಿರುವಾಗಲೇ ಕುರ್ಚಿ ಒದ್ದು ಎದ್ದು ಹೋದವನು ನೀನು, ಆಮೇಲೆ ಈ ಕಡೆ ತಲೆ ಹಾಕಿಲ್ಲ. ಮನೆ, ಗೋಧಿ ಹೊಲ, ಓಕ್ ತೋಟ ಎಲ್ಲ ನನ್ನ ಹೆಸರಿಗೆ ಬಂದಿವೆ. ನಾನು ಕೇಳಿ ಪಡೆದದ್ದಲ್ಲ. ಕೊನೆಯ ನಾಲ್ಕು ವರ್ಷ ಅವನ ಹಾಸಿಗೆ ಬಟ್ಟೆ ಒಗೆದವಳು ನಾನು, ಬಾಯಿಗೆ ಬೆಳ್ಳುಳ್ಳಿ ಸಾರು ಹಾಕಿದವಳು ನಾನು. ನೀನು ವಿನಾರೋಸ್‌ನಲ್ಲಿ ಸಮುದ್ರದ ಗಾಳಿ ಕುಡಿಯುತ್ತಿದ್ದೆ.

ಈಗ ವಿಷಯ. ನೀನೂ ಅಪ್ಪನೂ ನೆಟ್ಟ ಓಕ್ ಮರಗಳಿಗೆ ಹದಿನಾರು ವರ್ಷವಾಯಿತು. ಪ್ರತಿ ಮರದ ಬುಡದಲ್ಲೂ ಹುಲ್ಲು ಸತ್ತು ಸುಟ್ಟಂತೆ ಬೋಳಾದ ನೆಲವಿದೆ. ಬೇರಿನಲ್ಲಿ ಟ್ರಫಲ್ ಅಣಬೆ ಸೇರಿಕೊಂಡಿದೆ ಎನ್ನುವುದಕ್ಕೆ ಅದಕ್ಕಿಂತ ಗುರುತು ಬೇಕಿಲ್ಲ ಎಂದು ಅಪ್ಪ ಸಾಯುವ ತನಕ ಹೇಳಿದ. ಆದರೆ ಕಳೆದ ಚಳಿಗಾಲವೆಲ್ಲ ನನ್ನ ನಾಯಿ ಚಿಸ್ಪಾ ಮಣ್ಣು ಮೂಸಿ ಮೂಗು ಸವೆಸಿಕೊಂಡು ತೋರಿಸಿಕೊಟ್ಟ ಕರಿ ಗಡ್ಡೆ, ಬೆಳ್ಳಿಯ ಬೆಲೆಯದ್ದಾದರೂ, ಬುಟ್ಟಿಯ ತಳ ಮುಚ್ಚುವಷ್ಟು. ಸ್ಟೇಷನ್ ಬಳಿಯ ಶನಿವಾರದ ಸಂತೆಗೆ ಅದನ್ನು ಒಯ್ದು ಬಟ್ಟೆ ಸರಿಸಿ ತೋರಿಸಲು ನಾಚಿಕೆಯಾಗುತ್ತದೆ. ದೆಮೆತ್ರಿಯೊ ತನ್ನ ಬಾರಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಕೂಗುತ್ತಾನೆ: "ಏನಮ್ಮಾ ಎಂಗ್ರಾಸಿಯಾ, ಈ ಸಲಾನೂ ಆಲಿವ್ ಕಾಯಿ ಗಾತ್ರದ್ದೇ ತಂದ್ಯಾ?"

ಹಂದಿ ಸಾಕುವ ಕಂಪನಿಯೊಂದು ಷೆಡ್ ಕಟ್ಟಲು ಸಮತಟ್ಟಾದ ಜಾಗ ಹುಡುಕುತ್ತಿದೆ. ಈ ಚಳಿಗಾಲ, ಬರುವ ಚಳಿಗಾಲ, ಅದರ ಮುಂದಿನದು, ಇಷ್ಟು ಕಾಯುತ್ತೇನೆ ಎಂದು ಅವರಿಗೆ ಹೇಳಿದ್ದೇನೆ. ಆಗಲೂ ಮರಗಳು ಹೀಗೇ ಇದ್ದರೆ ಕೀಳಿಸಿ ನೆಲ ಅವರಿಗೆ ಕೊಡುತ್ತೇನೆ. ನಿನಗೆ ತಿಳಿಸಬೇಕೆಂದು ಕಾನೂನೇನೂ ಇಲ್ಲ, ಆದರೂ ತಿಳಿಸಿದ್ದೇನೆ. ಹೇಳುವುದೇನಾದರೂ ಇದ್ದರೆ ಹೇಳು.

ಬೇಲಿಯ ಒಳಗೆ ಮಾತ್ರ ಕಾಲಿಡಬೇಡ.

ಎಂಗ್ರಾಸಿಯಾ

*

ವಿನಾರೋಸ್
27 ನವೆಂಬರ್ 2009

ತೋಟದ ಒಡತಿಯವರ ಸನ್ನಿಧಾನಕ್ಕೆ,

ಕಾಗದ ತಲುಪಿತು. ಐಸ್ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊತ್ತು ಬಂದ ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ದೊಡ್ಡವರು ಕ್ಷಮಿಸಬೇಕು. ಮೀನಿನ ಜೊತೆ ಇದ್ದು ಇದ್ದು ನನಗೂ ಅದರದೇ ವಾಸನೆ. ನೀನು ಹೇಳಿದ ಸಮುದ್ರದ ಗಾಳಿ ಇದೇ ಇರಬೇಕು.

ನೆಟ್ಟದ್ದು ಯಾರು ಎಂಬುದಾದರೂ ನಿನಗೆ ನೆನಪಿದೆಯಲ್ಲ, ಅಷ್ಟೇ ಸಾಕು. ಅವು ಮೊಣಕಾಲೆತ್ತರ ಇದ್ದಾಗ ಮೂರು ಬೇಸಿಗೆ ಹಳ್ಳದಿಂದ ನೀರು ಹೊತ್ತವನು ನಾನು. ನೀನಾಗ ತೆರುವೆಲ್ ಪೇಟೆಯ ಅಂಗಡಿಯಲ್ಲಿ ಕೂತು ಹೆಂಗಸರ ಪಾದಕ್ಕೆ ಬೂಟು ತೊಡಿಸುತ್ತಿದ್ದೆ. ನಾನು ಹೊರಬಿದ್ದ ಮೇಲೆ ನೀನು ಒಳಗೆ ಬಂದೆ. ಅಪ್ಪನ ಸೇವೆ ಮಾಡಿದೆ, ಇಲ್ಲವೆನ್ನುವುದಿಲ್ಲ. ಅದಕ್ಕೆ ಕೂಲಿಯೂ ಸಿಕ್ಕಿತು.

ಅವನು ನನ್ನನ್ನು ಯಾಕೆ ಅಟ್ಟಿದ ಎಂದು ಊರಿಗೆಲ್ಲ ಗೊತ್ತು. ಬರೀ ಮರ ನೆಟ್ಟು ಕೂತರೆ ಆಗುವುದಿಲ್ಲ, ಬೇರಿನ ಹತ್ತಿರ ಟ್ರಫಲ್‌ನ ಬೀಜವನ್ನೂ ನಾವೇ ಇಡಬೇಕು, ಬೇರೆ ಕಡೆ ಹಾಗೆ ಮಾಡುತ್ತಿದ್ದಾರೆ ಎಂದು ಹೇಳಿದೆ. ಊಟದ ತಟ್ಟೆ ತಳ್ಳಿ ಎದ್ದ. "ನೆಲದೊಳಗೆ ಏನ್ ಹುಟ್ಬೇಕು ಅಂತ ಹೇಳೋಕೆ ನೀನೇನ್ ದೇವ್ರೇನೋ? ನನ್ ನೆಲಕ್ಕೆ ಸೂಜಿ ಚುಚ್ಚೋ ಡಾಕ್ಟ್ರು ನನಗ್ ಬೇಡ. ನಡಿ ಆಚೆಗೆ" ಅಂದ. ನಡೆದೆ. ಅವನ ಜಾಗದಲ್ಲಿ ಈಗ ನೀನಿದ್ದೀಯ, ಮಾತು ಅದೇ, ದನಿ ಮಾತ್ರ ಕೀರಲು.

ಹೇಳುವುದೇನಾದರೂ ಇದ್ದರೆ ಹೇಳು ಅಂದೆ. ಏನೂ ಇಲ್ಲ. ನಿನ್ನ ಮರ, ಕೀಳಿಸು. ನನಗೇನು?

ಬ್ಲಾಸ್

*

ಮಾಸ್ ದೆ ಲಾ ಉಂಬ್ರಿಯಾ
3 ಫೆಬ್ರವರಿ 2010

ಬ್ಲಾಸ್,

ಇವತ್ತು ನಿನ್ನ ಹೆಸರಿನ ಸಂತನ ಹಬ್ಬ. ಶುಭಾಶಯ ಹೇಳಲು ಬರೆದದ್ದಲ್ಲ. ಇಗರ್ಜಿಯಲ್ಲಿ ಮಂತ್ರಿಸಿದ ರೊಟ್ಟಿ ಕೊಟ್ಟರು, ಗಂಟಲು ನೋವು ಬರದಿರಲಿ ಎಂದು ತಿಂದೆ. ನಿನ್ನನ್ನು ಬೈಯಲು ನನಗೆ ಗಂಟಲು ಬೇಕು.

ನಾನು ಸಂತೆಗೆ ಹೋದ ಶನಿವಾರಗಳಂದೇ ತೋಟಕ್ಕೆ ಯಾರೋ ನುಗ್ಗುತ್ತಿದ್ದಾರೆ. ಹಳ್ಳದ ಕಡೆಯ ಕೆಳಗಿನ ಸಾಲುಗಳಲ್ಲಿ, ಮನೆಯಿಂದ ಕಣ್ಣಿಗೆ ಬೀಳದ ಜಾಗದಲ್ಲಿ, ಮರದ ಬುಡದ ಸುತ್ತ ಗುಂಡಿ ತೋಡಿದ್ದಾರೆ. ತೋಡಿ ಮುಚ್ಚಿದ್ದಾರೆ. ಮಣ್ಣು ತುಂಬಿ, ಹಿಮ್ಮಡಿಯಲ್ಲಿ ಒತ್ತಿ, ಮೇಲೊಂದು ಚಪ್ಪಟೆ ಕಲ್ಲು ಇಟ್ಟಿದ್ದಾರೆ.

ಯಾವ ಕಳ್ಳ ಗುಂಡಿ ಮುಚ್ಚುತ್ತಾನೆ ಹೇಳು? ಹೋದ ವರ್ಷ ಪಕ್ಕದ ತೋಟಕ್ಕೆ ನುಗ್ಗಿದವರು ನೆಲವನ್ನು ಹಂದಿ ಗೂರಿದ ಹಾಗೆ ಬಿಟ್ಟು ಹೋಗಿದ್ದರು. ಗುಂಡಿ ತೆರೆದಿಟ್ಟರೆ ಬೇರು ಒಣಗುತ್ತದೆ, ಮುಂದಿನ ವರ್ಷ ಅಲ್ಲಿ ಏನೂ ಹುಟ್ಟುವುದಿಲ್ಲ ಎಂದು ನಾವು ನಡೆಯಲು ಕಲಿಯುವಾಗಲೇ ಅಪ್ಪ ನಮ್ಮ ಬೆರಳು ಹಿಡಿದು ಮುಚ್ಚಿಸುತ್ತಿದ್ದ. ಹಿಮ್ಮಡಿಯಲ್ಲಿ ಒತ್ತಿ ಕಲ್ಲಿಡುವುದು ಅವನೊಬ್ಬನ ಅಭ್ಯಾಸ. ಅವನು ಸತ್ತಿದ್ದಾನೆ, ನಾನು ಸಂತೆಯಲ್ಲಿದ್ದೆ. ಇನ್ನು ಉಳಿದವನು ಯಾರು?

ದೆಮೆತ್ರಿಯೊನನ್ನು ಕೇಳಿದೆ, "ಶನಿವಾರ ನನ್ ತಮ್ಮ ಈ ಕಡೆ ಬಂದಿದ್ನಾ?" ಅಂತ. ಲೋಟ ಒರೆಸುತ್ತಾ, "ನಿಮ್ಮನೆ ಜಗಳಕ್ಕೆ ನನ್ನ್ಯಾಕಮ್ಮಾ ಎಳೀತೀಯ, ಕಾಫಿ ಕುಡಿ" ಅಂದ. ಅಂದರೆ ನೀನು ಬಂದಿದ್ದೆ.

ಆ ಮರಗಳು ಹಡೆಯುವುದೇ ನಾಲ್ಕು ಗಡ್ಡೆ. ಅದನ್ನೂ ನೀನು ಎತ್ತಿಕೊಂಡು ಹೋದರೆ ನಾನು ಮೂರು ಚಳಿಗಾಲ ಕಾದು ಏನು ಪ್ರಯೋಜನ? ನನಗೆ ಸಿಗದ ಹಾಗೆ ಮಾಡಿ, ಕೀಳಿಸುವಂತೆ ಮಾಡಿ, ಆಮೇಲೆ ಊರಿನಲ್ಲಿ ನನ್ನ ಹೆಸರು ಕೆಡಿಸುವುದು ನಿನ್ನ ಲೆಕ್ಕಾಚಾರ. ನೀನು ನನ್ನ ಒಡಹುಟ್ಟಿದವನು ಎನ್ನುವುದಕ್ಕೆ ಹೇಸಿಗೆಯಾಗುತ್ತದೆ. ಕಳ್ಳ!

ಎಂಗ್ರಾಸಿಯಾ

*

ವಿನಾರೋಸ್
16 ಫೆಬ್ರವರಿ 2010

ಎಂಗ್ರಾಸಿಯಾ,

ಗುಂಡಿ ಸರಿಯಾಗಿ ಮುಚ್ಚಿತ್ತು ಎಂದು ನೀನೇ ಬರೆದಿದ್ದೀಯ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ.

ನಿನ್ನ ಕಾಗದವನ್ನು ನನ್ನ ಹೆಂಡತಿ ರೊಸೆರ್ ಕೂಡ ಓದಿದಳು. ನಾನು ಬರೆಯುವಾಗ ಈಗ ಬೆನ್ನ ಹಿಂದೆಯೇ ನಿಂತಿದ್ದಾಳೆ. "ಇರೋದನ್ನ ಇರೋ ಹಾಗೆ ಬರ್ದು ಮುಗಿಸ್ಬಾರ್ದಾ ಬ್ಲಾಸ್? ನಿಮ್ಮಕ್ಕ ಏನ್ ಹುಲಿನಾ?" ಅನ್ನುತ್ತಾಳೆ. ಹುಲಿಯಾಗಿದ್ದರೆ ಬರೆಯುತ್ತಿದ್ದೆ, ಹುಲಿಗೆ ಹೇಳಿದ್ದು ಅರ್ಥವಾಗದಿದ್ದರೂ ಅಡ್ಡಿಯಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ನೋಡಿದವಳು ಒಂದು ಕಲ್ಲು ಎತ್ತಿ ನೋಡದೆ, ಒಂದು ಮಾತು ಕೇಳದೆ ಕಳ್ಳ ಅಂದಳು. ಅವಳಿಗೆ ನಾನು ಯಾವ ವಿವರವನ್ನೂ ಕೊಡುವುದಿಲ್ಲ. ಬೇಕಾದ್ದು ಅಂದುಕೋ.

ಇಷ್ಟು ಮಾತ್ರ ಹೇಳುತ್ತೇನೆ. ಆ ಗುಂಡಿಗಳನ್ನು ಮುಟ್ಟಬೇಡ.

ಬ್ಲಾಸ್

*

ಮಾಸ್ ದೆ ಲಾ ಉಂಬ್ರಿಯಾ
9 ಮಾರ್ಚ್ 2010

ಬ್ಲಾಸ್,

ಮುಟ್ಟಬೇಡ ಅಂತೆ! ನನ್ನ ತೋಟದಲ್ಲಿ, ನನಗೆ, ಕದ್ದವನ ಅಪ್ಪಣೆ.

ಮುಟ್ಟಿದೆ. ಟ್ರ್ಯಾಕ್ಟರಿಗೆ ತಂದಿಟ್ಟ ಡೀಸೆಲ್ ಡಬ್ಬಿ ಎತ್ತಿಕೊಂಡು ಕೆಳಗಿನ ಸಾಲುಗಳಿಗೆ ಹೋದೆ. ಕಲ್ಲಿಟ್ಟ ಒಂದೊಂದು ಗುಂಡಿಯ ಮೇಲೂ ಸುರಿದೆ, ಮಣ್ಣು ಹೀರಿಕೊಳ್ಳುವ ತನಕ ನಿಂತು ನೋಡಿದೆ. ಇನ್ನು ನೀನು ಯಾರ ನಾಯಿಯನ್ನು ಎರವಲು ತಂದರೂ ಅದರ ಮೂಗು ಆ ಕಡೆ ತಿರುಗುವುದಿಲ್ಲ. ಬುಡಕ್ಕೆ ಸ್ವಲ್ಪ ಪೆಟ್ಟು ಬಿದ್ದರೂ ಬೀಳಲಿ, ನನಗೆ ಸಿಗದ್ದು ನಿನಗೂ ಸಿಗಬಾರದು.

ಸುರಿಯುವಾಗ ಅಳು ಬಂತು, ಅದನ್ನೂ ಹೇಳಿಬಿಡುತ್ತೇನೆ. ದುಃಖಕ್ಕಲ್ಲ. ನನ್ನನ್ನು ಇಂಥ ಕೆಲಸಕ್ಕೆ ಇಳಿಸಿದೆಯಲ್ಲ ಎಂಬ ಸಿಟ್ಟಿಗೆ.

ಎಂಗ್ರಾಸಿಯಾ

*

ವಿನಾರೋಸ್
20 ಮಾರ್ಚ್ 2010

ಎಲ್ಲದಕ್ಕೂ ಸುರಿದೆಯಾ?

ಬ್ಲಾಸ್

*

ಮಾಸ್ ದೆ ಲಾ ಉಂಬ್ರಿಯಾ
18 ಜನವರಿ 2011

ಬ್ಲಾಸ್,

ನಿನ್ನ ಒಂದು ಸಾಲಿನ ವ್ಯಂಗ್ಯಕ್ಕೆ ಉತ್ತರ ಕೊಡಬಾರದು ಎಂದು ಇಷ್ಟು ದಿನ ಸುಮ್ಮನಿದ್ದೆ. ಈಗ ಕೊಡುತ್ತೇನೆ. ಹೌದು, ಎಲ್ಲದಕ್ಕೂ. ಒಂದನ್ನೂ ಬಿಟ್ಟಿಲ್ಲ. ನಿನಗೆ ಸಮಾಧಾನವಾಯಿತೇ?

ಆಮೇಲೆ ಹೊಸ ಗುಂಡಿ ಒಂದೂ ಕಂಡಿಲ್ಲ. ಡೀಸೆಲ್ ಕೆಲಸ ಮಾಡಿದೆ. ಆದರೆ ಚಿಸ್ಪಾ ಕೂಡ ಆ ಸಾಲುಗಳಿಗೆ ಬರುತ್ತಿಲ್ಲ. ಹಳ್ಳದ ಕಡೆ ಎಳೆದರೆ ಕಾಲೂರಿ ನಿಂತು ಸೀನುತ್ತದೆ, ಸಾಸೇಜ್ ತುಂಡು ತೋರಿಸಿದರೂ ಇಲ್ಲ. ಹಾಗಾಗಿ ಈ ಚಳಿಗಾಲ ಮೇಲಿನ ಸಾಲುಗಳನ್ನು ಮಾತ್ರ ಹುಡುಕಿದೆ, ಸಿಕ್ಕಿದ್ದು ಅಷ್ಟಕ್ಕಷ್ಟೇ. ನಿನ್ನೆ ಹಬ್ಬದ ಬೆಂಕಿಯ ಸುತ್ತ ಎಲ್ಲರೂ ಮೆಣಸಿನ ಸಾಸೇಜ್ ಸುಟ್ಟುಕೊಂಡು ತಮ್ಮ ತಮ್ಮ ತೋಟದ ಜಂಬ ಕೊಚ್ಚುತ್ತಿದ್ದರು. ನಾನು ಬೇಗ ಮನೆಗೆ ಬಂದೆ.

ಅಪ್ಪನ ಅಗೆಯುವ ಚೂರಿ ಹಿಡಿದು ಬಗ್ಗಿದರೆ ಏಳಲು ಆಗುವುದಿಲ್ಲ ಈಗ. ಅದು ನಿನಗೆ ಬೇಕಾಗದ ವಿಷಯ, ಯಾಕೆ ಬರೆದೆನೋ.

ಎರಡು ಚಳಿಗಾಲ ಕಳೆದಂತಾಯಿತು. ನೀನು ಇನ್ನೂ ಏನೂ ಹೇಳಿಲ್ಲ.

ಎಂಗ್ರಾಸಿಯಾ

*

ವಿನಾರೋಸ್
2 ಫೆಬ್ರವರಿ 2011

ಎಂಗ್ರಾಸಿಯಾ,

ಮೂರು ಚಳಿಗಾಲ ಎಂದು ನೀನೇ ಬರೆದಿದ್ದೆ. ಇನ್ನೊಂದು ಉಳಿದಿದೆ. ಕೊಟ್ಟ ಮಾತು ತಪ್ಪುವ ಚಟ ನಿನಗಿದ್ದರೂ ಇದೊಂದು ಸಲ ತಪ್ಪಬೇಡ.

ಬೆನ್ನಿಗೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಬೇಕಂತೆ. ರೊಸೆರ್ ಬರೆಯಲು ಹೇಳಿದಳು, ನಾನಲ್ಲ.

ಬ್ಲಾಸ್

*

ಮಾಸ್ ದೆ ಲಾ ಉಂಬ್ರಿಯಾ
24 ಜನವರಿ 2012

ಬ್ಲಾಸ್,

ಮೂರನೆಯದೂ ಮುಗಿಯುತ್ತಾ ಬಂತು. ಬುಟ್ಟಿಯ ತಳ ಕೂಡ ಮುಚ್ಚಿಲ್ಲ. ಕಂಪನಿಯ ಹುಡುಗ ಟೈ ಕಟ್ಟಿಕೊಂಡು ಬಂದು ತೋಟದ ನಡುವೆ ನಿಂತು, "ನೋಟ ಚೆನ್ನಾಗಿದೆ ಮೇಡಂ, ಹಂದಿಗಳಿಗೆ ಬೇಜಾರಾಗಲ್ಲ" ಎಂದು ನಕ್ಕ. ನನಗೆ ಅವನ ಟೈ ಹಿಡಿದು ಎಳೆಯಬೇಕೆನಿಸಿತು. ಸಹಿ ಹಾಕಿದೆ.

ಮಾರ್ಚ್ ಐದರಂದು ಯಂತ್ರ ಬರುತ್ತದೆ. ಲಾರಿ ದಾರಿ ಇರುವುದು ಹಳ್ಳದ ಕಡೆಗಾದ್ದರಿಂದ ಕೆಳಗಿನ ಸಾಲುಗಳಿಂದಲೇ ಶುರು ಮಾಡುತ್ತಾರಂತೆ.

ಕೊನೆಯ ಸಲ ತಿಳಿಸುತ್ತಿದ್ದೇನೆ. ಹೇಳುವುದಿದ್ದರೆ ಇನ್ನೂ ಹೊತ್ತು ಮೀರಿಲ್ಲ.

ಎಂಗ್ರಾಸಿಯಾ

*

ವಿನಾರೋಸ್
6 ಫೆಬ್ರವರಿ 2012

ಎಂಗ್ರಾಸಿಯಾ,

ಕೆಳಗಿನ ಸಾಲುಗಳಲ್ಲಿ ಒಂದು ದಿನ ನಾಯಿ ಬಿಡು. ನಿನ್ನದು ಬರದಿದ್ದರೆ ಬೇರೆ ಯಾರದನ್ನಾದರೂ ಕೇಳಿ ತಂದು ಬಿಡು. ಬಿಟ್ಟು ನೋಡಿ ಆಮೇಲೆ ಏನು ಬೇಕಾದರೂ ಮಾಡು.

ಬ್ಲಾಸ್

*

ಮಾಸ್ ದೆ ಲಾ ಉಂಬ್ರಿಯಾ
15 ಫೆಬ್ರವರಿ 2012

ಬ್ಲಾಸ್,

ನನ್ನನ್ನು ಚೆನ್ನಾಗಿ ಆಡಿಕೊಂಡೆ. ಆ ನೆಲಕ್ಕೆ ಡೀಸೆಲ್ ಸುರಿದವಳು ನಾನೇ, ನನ್ನ ನಾಯಿ ಅಲ್ಲಿಗೆ ಹೋಗದು ಎಂದು ನಿನಗೆ ಬರೆದವಳೂ ನಾನೇ. ಈಗ ಊರ ಬಾಗಿಲು ಬಾಗಿಲಿಗೆ ಹೋಗಿ, ನಾನೇ ಹಾಳು ಮಾಡಿದ ನೆಲಕ್ಕೆ ನಿಮ್ಮ ನಾಯಿ ಕೊಡಿ ಎಂದು ಬೇಡಬೇಕೆ? ಆಮೇಲೆ ದೆಮೆತ್ರಿಯೊನ ಬಾರಿನಲ್ಲಿ ಒಂದು ತಿಂಗಳು ನಗುವುದಕ್ಕೆ ಸರಕಾಗುತ್ತದೆ ಎಂದಲ್ಲವೇ ನಿನ್ನ ಆಸೆ?

ಮೂರು ಚಳಿಗಾಲ ಒಂದು ಮಾತು ಕೇಳಿದೆ, ಕೊನೆಗೂ ಕುಹಕವೇ ಬಂತು. ಸಾಕು. ಐದರಂದು ಯಂತ್ರ ಬರುತ್ತದೆ. ಇನ್ನು ನನಗೂ ನಿನಗೂ ಏನೂ ಇಲ್ಲ.

ಎಂಗ್ರಾಸಿಯಾ

*

ಮಾಸ್ ದೆ ಲಾ ಉಂಬ್ರಿಯಾ
6 ಮಾರ್ಚ್ 2012

ಬ್ಲಾಸ್,

ಕತ್ತೆ. ಹೆಡ್ಡ. ಬಾಯಿ ಹೊಲಿದುಕೊಂಡು ಹುಟ್ಟಿದವನೇ.

ನಿನ್ನೆ ಬೆಳಿಗ್ಗೆ ಯಂತ್ರ ಬಂತು. ಮರ ಬೀಳುವುದನ್ನು ನೋಡಲಾರೆ ಎಂದು ಮನೆಯಲ್ಲೇ ಕೂತಿದ್ದೆ. ಬೇರು ಹರಿಯುವ ಸದ್ದು ಅಡುಗೆಮನೆಗೂ ಬರುತ್ತಿತ್ತು, ರೇಡಿಯೊ ಜೋರು ಮಾಡಿದೆ. ಮಧ್ಯಾಹ್ನ ಯಂತ್ರದವನಿಗೆ ಊಟ ಒಯ್ದೆ. ಅವನು ಲಾರಿ ದಾರಿಯ ಬದಿಯಲ್ಲಿ ಟೈರಿಗೆ ಒರಗಿ ಕೂತು, ನಾನು ಕೊಟ್ಟ ಮೊಟ್ಟೆ ದೋಸೆಯ ಮೇಲೆ ಏನನ್ನೋ ಜೇಬಿನ ಚಾಕುವಿನಿಂದ ತೆಳ್ಳಗೆ ಹೆರೆದುಕೊಳ್ಳುತ್ತಿದ್ದ. ವಾಸನೆ ನನಗೆ ಮಾರು ದೂರದಲ್ಲೇ ಹೊಡೆಯಿತು.

"ಎಲ್ಲಿ ಸಿಕ್ತು?" ಅಂದೆ.

"ಎಲ್ಲಿ ಅಂದ್ರೆ? ಬೆಳಗಿಂದ ಉರುಳ್ತಾನೇ ಇದಾವಲ್ಲ ಅಮ್ಮಾವ್ರೇ. ನಿಮ್ ಮರ ಮೊಟ್ಟೆ ಇಡ್ತಾವೆ. ನಿಮಗ್ ಬೇಡ ಅಂತ ಕೀಳಿಸ್ತಿದೀರಿ ಅಂದ್ಕೊಂಡೆ" ಅಂದ. ಜಾಕೆಟ್ಟಿನ ಜೇಬು ಬಿಚ್ಚಿ ತೋರಿಸಿದ. ಜೇಬು ತುಂಬಿತ್ತು.

ಓಡಿದೆ. ಈ ಬೆನ್ನಿನಲ್ಲಿ ಓಡಿದೆ. ಕೆಳಗಿನ ಸಾಲುಗಳೆಲ್ಲ ಬೇರು ಮೇಲೆ ಮಾಡಿ ಬಿದ್ದಿದ್ದವು. ನಮ್ಮ ನೆಲ ಹೇಗಿದೆ ನಿನಗೆ ಗೊತ್ತು, ಕೆಂಪು ಮಣ್ಣು, ಅರ್ಧಕ್ಕರ್ಧ ಕಲ್ಲು. ಆ ಕೆಂಪಿನ ನಡುವೆ ಬೊಗಸೆ ಬೊಗಸೆಯಷ್ಟು ಕಪ್ಪು ಮಣ್ಣು, ಸಸಿ ಮಾರುವವರ ಚೀಲದಲ್ಲಿ ಬರುವಂಥ ಹಗುರ ಮಣ್ಣು. ಅದರೊಳಗೆ ಟ್ರಫಲ್. ಕಲ್ಲಿಗೆ ಸಿಕ್ಕಿ ಸೊಟ್ಟಗಾಗುವ ನಮ್ಮ ಗಡ್ಡೆಗಳಲ್ಲ, ಗುಂಡಗೆ, ನಯವಾಗಿ, ಒಂದೊಂದೂ ಕಿತ್ತಳೆಯಷ್ಟು. ನನ್ನ ಜನ್ಮದಲ್ಲಿ ಅಂಥವನ್ನು ನೋಡಿಲ್ಲ. ಅಪ್ಪನೂ ನೋಡಿರಲಿಲ್ಲ. ಕೆಲವು ಗುಂಡಿಗಳಲ್ಲಿ ಕಪ್ಪು ಮಣ್ಣು ಇತ್ತು, ಗಡ್ಡೆ ಇರಲಿಲ್ಲ. ಅವನ್ನು ಮೂಸಿ ನೋಡಿದೆ. ಇನ್ನೂ ಡೀಸೆಲ್ ನಾತ.

ಕಳ್ಳ ಎತ್ತಿಕೊಂಡು ಹೋಗುತ್ತಾನೆ, ಇಟ್ಟು ಹೋಗುವುದಿಲ್ಲ. ಅಪ್ಪನ ಹತ್ತಿರ ನೀನು ಜಗಳವಾಡಿದ ಆ ಬೀಜ ಇದೇ ಎಂದು ಅಲ್ಲಿ ಕೂತ ಮೇಲೆ ತಿಳಿಯಿತು. ಒಂದು ಕಲ್ಲು ಎತ್ತಿ ಬೆರಳಿನಿಂದ ಕೆದಕಿದ್ದರೆ ಎರಡು ವರ್ಷದ ಹಿಂದೆಯೇ ತಿಳಿಯುತ್ತಿತ್ತು. ಎತ್ತಲಿಲ್ಲ. ನೀನು ಕದ್ದಿದ್ದೀಯ ಎಂದು ನಂಬುವುದು ನನಗೆ ಅಷ್ಟು ಹಿತವಾಗಿತ್ತು.

ಆದರೆ ನೀನು ಯಾಕೆ ಹೇಳಲಿಲ್ಲ? ಕಾಗದ ಬರೆದೆಯಲ್ಲ, ವಿವರ ಕೊಡುವುದಿಲ್ಲ ಎಂದು ಬರೆಯಲು ಖರ್ಚಾದ ಶಾಯಿಯಲ್ಲಿ ವಿವರವನ್ನೇ ಕೊಡಬಹುದಿತ್ತಲ್ಲ? ನಾನು ಮೂರು ಚಳಿಗಾಲ ಯಾಕೆ ಕಾದೆ ಎಂದುಕೊಂಡಿದ್ದೀಯ? ಮರ ನೋಡಿಕೊಂಡಲ್ಲ. "ಕೀಳಿಸಬೇಡ ಅಕ್ಕ" ಎಂದು ನೀನು ಒಂದು ಸಲ ಅನ್ನಲಿ ಎಂದು. ಅಂದಿದ್ದರೆ ಆ ಟೈ ಹುಡುಗನನ್ನು ಅಂದೇ ಗೇಟಿನಾಚೆ ಅಟ್ಟುತ್ತಿದ್ದೆ. ಪ್ರತಿ ಕಾಗದದಲ್ಲೂ ಕೇಳಿದೆ. ಪ್ರತಿ ಸಲವೂ ನೀನು "ನನಗೇನು" ಅಂದೆ.

ಯಂತ್ರ ನಿಲ್ಲಿಸಿದ್ದೇನೆ. ಮೇಲಿನ ಸಾಲುಗಳು ನಿಂತಿವೆ. ಅವುಗಳ ಬುಡದಲ್ಲೂ ಇಟ್ಟಿದ್ದೀಯಾ? ಅದನ್ನಾದರೂ ಹೇಳು.

ಎಂಗ್ರಾಸಿಯಾ

*

ವಿನಾರೋಸ್
13 ಮಾರ್ಚ್ 2012

ಎಂಗ್ರಾಸಿಯಾ,

ಇಲ್ಲ. ಮೇಲಿನ ಸಾಲುಗಳಿಗೆ ಏನೂ ಇಟ್ಟಿಲ್ಲ. ಅವು ಮನೆಯಿಂದ ಕಾಣುತ್ತವೆ. ಸಂತೆಯಿಂದ ನೀನು ಯಾವಾಗ ಬರುತ್ತೀಯೋ ಎಂದು ಹೆದರಿ ಹಳ್ಳದ ಕಡೆಯೇ ಮಾಡಿದೆ. ನಾನು ಇಟ್ಟದ್ದನ್ನೆಲ್ಲ ನೀನು ಕಿತ್ತು ಹಾಕಿದ್ದೀಯ, ಇಡದೆ ಬಿಟ್ಟದ್ದನ್ನು ಉಳಿಸಿದ್ದೀಯ. ಎಷ್ಟು ಚೆನ್ನಾಗಿ ಹಂಚಿಕೊಂಡೆವು ನೋಡು.

ಹೇಳುವುದಕ್ಕೆ ಕೇಳುವವರು ಬೇಕು. ಅಪ್ಪನಿಗೆ ಹೇಳಿದೆ, ಅಟ್ಟಿದ. ನಿನಗೆ ಹೇಳಿದ್ದರೆ "ಅಪ್ಪನಿಗೆ ಬೇಡವಾದದ್ದು ನನ್ನ ತೋಟದಲ್ಲಿ ಬೇಡ" ಎನ್ನುತ್ತಿದ್ದೆ. ಇಲ್ಲ ಎಂದು ಎದೆ ಮುಟ್ಟಿ ಹೇಳು. ಮೊದಲು ಗಡ್ಡೆ ಬರಲಿ, ಆಮೇಲೆ ನಿನ್ನ ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡಿದ್ದೆ. ಆ ಒಂದು ದಿನಕ್ಕಾಗಿ ಕಾದೆ. ಕಳ್ಳ ಅಂದ ಮೇಲಂತೂ ಹೇಳುವುದಕ್ಕಿಂತ ಸಾಯುವುದು ಸುಲಭವೆನಿಸಿತು.

ಸಂತೆಯಲ್ಲಿ ಯಾರೂ ಕೊಳ್ಳದೆ ಬಿಟ್ಟ, ಹಣ್ಣಾಗಿ ಕೊಳೆತ ಟ್ರಫಲ್‌ಗಳನ್ನು ದೆಮೆತ್ರಿಯೊ ಎತ್ತಿಡುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು, ಬಾಯಿ ಬಿಟ್ಟರೆ ಅವನ ಹಲ್ಲು ಉದುರಿಸುತ್ತೇನೆ ಎಂದಿದ್ದೆ. ಬೀಜವೆಂದರೆ ಅದೇ. ಆ ಕೊಳೆತ ಗಡ್ಡೆಗಳನ್ನು ಅರೆದು ಕಪ್ಪು ಮಣ್ಣಿನಲ್ಲಿ ಕಲಸಿ, ನಸುಕಿಗೆ ಬಸ್ ಹತ್ತಿ ಬಂದು ಹಳ್ಳ ದಾಟಿ ಬರುತ್ತಿದ್ದೆ. ನೀನು ಡೀಸೆಲ್ ಸುರಿದೆ ಎಂದು ಬರೆದ ಮೇಲೂ ಬಂದೆ. ನಾತ ಹಳ್ಳದಲ್ಲೇ ಮೂಗಿಗೆ ಬಡಿಯಿತು. ಅಲ್ಲೇ ಕೂತು ನಿನ್ನನ್ನು ಬಾಯಿಗೆ ಬಂದಂತೆ ಬೈದೆ, ಆಮೇಲೆ ಎದ್ದು ಅವೇ ಮರಗಳ ಇನ್ನೊಂದು ಬದಿಗೆ ಹೊಸದಾಗಿ ಅಗೆದೆ. ಈ ಸಲ ಕಲ್ಲಿಡಲಿಲ್ಲ, ಎಲೆ ಹರಡಿದೆ. ನೀನು ಕಂಡಿದ್ದರೆ ಅವಕ್ಕೂ ಸುರಿಯುತ್ತಿದ್ದೆ.

ನಿನಗಾಗಿ ಮಾಡಿದೆ ಎಂದು ತಪ್ಪು ತಿಳಿಯಬೇಡ. ಆ ಮರಗಳನ್ನು ನಾನು ಬೆಳೆಸಿದ್ದು. ಅವು ಯಾರ ಹೆಸರಿನಲ್ಲಿದ್ದರೂ ಬಂಜೆ ಅನ್ನಿಸಿಕೊಳ್ಳುವುದನ್ನು ನಾನು ಸಹಿಸಲಾರೆ.

ಈಗ ಆ ಮರಗಳಿಲ್ಲ. ನೆಲ ಹಂದಿಯವರಿಗೇ ಕೊಡು. ಇನ್ನು ಬರೆಯಬೇಡ.

ಬ್ಲಾಸ್

*

ಮಾಸ್ ದೆ ಲಾ ಉಂಬ್ರಿಯಾ
20 ಮಾರ್ಚ್ 2012

ಬ್ಲಾಸ್,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ನಿನ್ನ ಅಪ್ಪಣೆ ನಾನು ಎಂದೂ ಕೇಳಿಲ್ಲ.

ಎದೆ ಮುಟ್ಟಿಕೊಂಡು ನೋಡಿದೆ. ಹೌದು, ಬೇಡ ಎನ್ನುತ್ತಿದ್ದೆ. ಅದಕ್ಕಿಂತ ಕೆಟ್ಟದಾಗಿಯೂ ಅನ್ನುತ್ತಿದ್ದೆ. ಆದರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುತ್ತದೆ ಎಂದು ಕಾಯಬೇಡ. ಬೆಳಿಗ್ಗೆ ಎದ್ದು ಹಳ್ಳದ ಕಡೆ ಹೋಗಿ ಆ ಬಿದ್ದ ಮರಗಳನ್ನು ನೋಡುತ್ತೇನೆ. ನಿನ್ನನ್ನು ಬೈಯುತ್ತೇನೆ, ನನ್ನನ್ನು ಬೈದುಕೊಳ್ಳುತ್ತೇನೆ, ಆಮೇಲೆ ಮನೆಗೆ ಬಂದು ಕಾಫಿ ಇಡುತ್ತೇನೆ.

ಸಹಿ ಹಾಕಿದ ಪತ್ರವನ್ನು ಕಂಪನಿಯವರು ಕೋರ್ಟಿಗೆ ಒಯ್ಯುತ್ತಾರಂತೆ. ಒಯ್ಯಲಿ. ಟೈ ಹುಡುಗ ಗೇಟಿನ ಹೊರಗೆ ನಿಂತು ಕೂಗಾಡಿ ಹೋದ. ಚಿಸ್ಪಾ ಅವನ ಪ್ಯಾಂಟಿನ ತುದಿ ಹರಿದು ಇಟ್ಟುಕೊಂಡಿದೆ.

ಬಿದ್ದ ಬೇರುಗಳಿಂದ ಟ್ರಫಲ್‌ಗಳನ್ನೆಲ್ಲ ಆರಿಸಿ ತಂದೆ. ಯಂತ್ರದವನೂ ಜೇಬು ಖಾಲಿ ಮಾಡಿ ಕೊಟ್ಟು ಹೋದ, ತಿಂದದ್ದೊಂದು ಬಿಟ್ಟು. ಸುದ್ದಿ ಕೇಳಿ ಸಂತೆಯ ದಲ್ಲಾಳಿಗಳು ಮನೆ ಬಾಗಿಲಿಗೇ ಬಂದರು. ಇಷ್ಟು ವರ್ಷ ನನ್ನ ಬುಟ್ಟಿ ಕಂಡು ಮುಖ ತಿರುಗಿಸಿದವರು "ಅಮ್ಮಾ, ನೀವ್ ಹೇಳಿದ್ದೇ ರೇಟು" ಅನ್ನುತ್ತಿದ್ದರು. ಒಂದನ್ನೂ ಕೊಟ್ಟಿಲ್ಲ. ಎಲ್ಲವನ್ನೂ ದನದ ಕೊಟ್ಟಿಗೆಯ ಮೂಲೆಯಲ್ಲಿ ಒದ್ದೆ ಗೋಣಿಯ ಕೆಳಗೆ ಇಟ್ಟಿದ್ದೇನೆ. ಮೆತ್ತಗಾಗಿ ಕೊಳೆಯಲು ಶುರುವಾಗಿವೆ. ನಾತಕ್ಕೆ ಕೊಟ್ಟಿಗೆಯ ಒಳಗೆ ಹೋಗಲು ಆಗುವುದಿಲ್ಲ. ಕಪ್ಪು ಮಣ್ಣಿನ ಚೀಲಗಳನ್ನೂ ತರಿಸಿದ್ದೇನೆ.

ಮೇಲಿನ ಸಾಲುಗಳಿಗೆ ಇಡುತ್ತೇನೆ. ಎಷ್ಟು ಆಳ ಅಗೆಯಬೇಕು ಎಂದು ಮಾತ್ರ ಬರೆ. ಬೇರೇನೂ ಬರೆಯಬೇಡ.

ಎಂಗ್ರಾಸಿಯಾ

*

ವಿನಾರೋಸ್
26 ಮಾರ್ಚ್ 2012

ಅಕ್ಕ,

ಒಂದು ಗೇಣು. ಆದರೆ ನೀನು ಸಲಿಕೆ ಮುಟ್ಟಬೇಡ, ಬೇರು ಕಡಿದು ಹಾಕುತ್ತೀಯ. ಶನಿವಾರ ನಾನೇ ಬರುತ್ತೇನೆ.

ಬ್ಲಾಸ್